ಶಾಲೆಯ ಕಡತ ರದ್ದಿಗೆ ಹೋಗಬೇಕೇ?

ಕಡಲೆಕಾಯಿ ಪೊಟ್ಟಣ ಬಿಚ್ಚಿದಾಗ ಒಳಗೆ ಯಾರದೋ ತಾತನ ಹಾಜರಿ ಕಂಡರೆ? ನಗಬೇಡಿ ಸ್ವಾಮಿ. ಎಷ್ಟೋ ಶಾಲೆಗಳ ಹಳೇ ಪುಸ್ತಕಗಳ ಗತಿಯೇ ಇದು. ಗೆದ್ದಲು ತಿಂದು ಬಿಟ್ಟದ್ದು ಗುಜರಿಗೆ!

ಮಂಗಳೂರಿನ ಸಂಗತಿ ನೋಡಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಅಲ್ಲಿಗೆ ಬಂದರು, 1836ರಲ್ಲಿ ಶಾಲೆ ತೆರೆದರು. ಅವರು ಕಳಿಸಿದ ವರದಿ, ಫೋಟೋಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನ ಮಾಡಿದ್ದಾರೆ. ಸಾವಿರಾರು ಫೋಟೋಗಳನ್ನು ಇಂದು ಅಂತರಜಾಲದಲ್ಲೇ ನೋಡಬಹುದು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಪತ್ರಾಗಾರವಿದೆ.

ಹಳ್ಳಿ ಶಾಲೆಗೆ ಅಷ್ಟು ದೊಡ್ಡ ಏರ್ಪಾಡು ಎಲ್ಲಿಂದ ಬರಬೇಕು ಅಂತೀರಾ? ಅಲ್ಲಿಯ ದಾಖಲಾತಿ ರಿಜಿಸ್ಟರಿನ ಬೆಲೆಯೇನೂ ಕಮ್ಮಿಯಲ್ಲ. ಹುಡುಗನ ಹೆಸರು, ಅಪ್ಪನ ಹೆಸರು, ಜಾತಿ, ಹುಟ್ಟಿದ ತಾರೀಕು ಎಲ್ಲ ಅದರಲ್ಲಿದೆ. ಜನನ ಪತ್ರವಿಲ್ಲದ ಹಿರೀಕರ ವಯಸ್ಸಿಗೆ ಅದೇ ಸಾಕ್ಷಿ. ಮೊಮ್ಮಗನ ಜಾತಿ ಪ್ರಮಾಣಪತ್ರಕ್ಕೂ ಅದನ್ನೇ ಹುಡುಕಬೇಕು. ಆಗ ‘ಮಳೇಲಿ ನೆನೆದು ಹೋಯ್ತು’ ಅಂದರೆ ಬಡವ ಯಾರ ಕಾಲು ಹಿಡೀಬೇಕು? ಊರಿನ ಮೊದಲ ಹುಡುಗಿ ಯಾವ ವರ್ಷ ಶಾಲೆಗೆ ಬಂದಳು ಅನ್ನೋದನ್ನೂ ಅದೇ ಪುಟ ಹೇಳಬೇಕು.

ಉಪಾಯ ದುಬಾರಿಯದಲ್ಲ. ಗೋಡೆಯ ತೇವ ತಾಗದ ಕಡೆ ಒಂದು ಕಬ್ಬಿಣದ ಬೀರು ಸಾಕು. ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದು ಎರಡು ಕಡೆ ಇಟ್ಟರಾಯ್ತು. ಆಗಸ್ಟ್ 15ಕ್ಕೆ ಹಳೇ ಗುಂಪು ಫೋಟೋಗಳನ್ನು ಊರಿಗೆ ತೋರಿಸಲಿ. ಬದುಕಿರುವವರ ಜಾತಿ, ಜನ್ಮದಿನವಿರುವ ಪುಟ ಮಾತ್ರ ಗೋಡೆಗೆ ಬೇಡ.

ಅಂಗಡಿಯವರೇ, ರದ್ದಿಯಲ್ಲಿ ಹಳೇ ರಿಜಿಸ್ಟರು ಬಂದರೆ ಹರಿಯುವ ಮುಂಚೆ ಹೆಡ್‌ಮಾಸ್ತರಿಗೊಮ್ಮೆ ತೋರಿಸಿ. ನಿಮ್ಮಪ್ಪನ ಹೆಸರೂ ಅದರಲ್ಲಿರಬಹುದು!