ಪಟ್ಟಿ ರೊಕ್ಕ ಕೈಗೆ ಬಂದ ದಿನ

ಸಿರಸಂಗಿ ಅಂದರೆ ಒಂದು ಕಾಳಮ್ಮನ ಗುಡಿ, ಇನ್ನೊಂದು ಇದ್ದ ಆಸ್ತಿಯನ್ನೆಲ್ಲ ಮಕ್ಕಳ ಓದಿಗೆ ಬರೆದುಕೊಟ್ಟ ಲಿಂಗರಾಜ ದೇಸಾಯರು. ಆ ಎರಡರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ. ಈ ಸಲ ನಾನು ಹುಡುಕಿಕೊಂಡು ಹೋದದ್ದು ಇದ್ದದ್ದನ್ನೆಲ್ಲ ಓಸಿ ಎಂಬ ಅಂಕಿ ಜೂಜಿಗೆ ಬರೆಸಿ ಕೂತವರನ್ನು.

ಚಹಾದಂಗಡಿಯ ಹಿಂದೆ ಬುಧವಾರ ಸಂಜೆ ಐದಾರು ಗಂಡಸರು ಕೂಡುತ್ತಾರೆ. ಸಂಘಕ್ಕೆ ಹೆಸರಿಲ್ಲ, ಬೋರ್ಡಿಲ್ಲ. ಈ ವಾರ ಆಡಿದೆನೋ ಇಲ್ಲವೋ, ಸಾಲ ಎಷ್ಟು ತೀರಿತು, ಮಾತು ಇಷ್ಟೇ. ಮೊದಲ ಅರ್ಧ ತಾಸು ನನಗೆ ಆಕಳಿಕೆ ಬಂದದ್ದು ಸುಳ್ಳಲ್ಲ. ಆಮೇಲೆ ಹಿರಿಯರೊಬ್ಬರು, ಸುಮಾರು ದಿನದಿಂದ ಮುಖ ತೋರಿಸದ ಹುಡುಗನನ್ನು ಹಿಡಿದರು.

"ಕಡ್ಲಿ ಮಾರಿದಿ ಅಂತ ಕೇಳೇನಿ. ಆ ವಾರ ಯಾಕ ಬರಲಿಲ್ಲೋ ತಮ್ಮಾ?"

"ಬಿಟ್ಟು ವರ್ಷಾತಲ್ರೀ ಕಾಕಾ, ಇನ್ನ್ಯಾಕ ಅಂತ..."

"ಕಿಸೆ ಖಾಲಿ ಇದ್ದಾಗ ಎಲ್ಲಾರೂ ಬಿಟ್ಟಿರ್ತಾರ. ರೊಕ್ಕ ಬಂದ ವಾರನ ಇಲ್ಲಿ ಕುಂಡರಬೇಕು."

ಇವರು ಕಟ್ಟಿಕೊಂಡ ಪದ್ಧತಿ ನನಗೆ ಬಹಳ ಹಿಡಿಸಿತು. ಮಾಲು ಮಾರುವ ದಿನ ಅಡತಿ ಅಂಗಡಿಗೆ ಜೊತೆಗೊಬ್ಬ ಹೋಗಬೇಕು. ಪಟ್ಟಿ ರೊಕ್ಕ ನೇರ ಹೆಂಡತಿಯ ಖಾತೆಗೆ ಜಮಾ, ಕಿಸೆಗೆ ಬಸ್ ಚಾರ್ಜ್ ಅಷ್ಟೇ. ಕುಡಿದವನ ಬಾಯಿ ವಾಸನೆ ಹೇಳುತ್ತದೆ. ಆಡಿದವನದು ಹೊಲ ಹೋಗುವ ತನಕ ಗೊತ್ತಾಗುವುದಿಲ್ಲ. ಸಂಶಯ ಬರುವುದು ಅದೇ ಹಾದಿಯಲ್ಲಿ ನಡೆದವನಿಗೆ ಮಾತ್ರ.

ಓಸಿಯ ಮೂಲ ಕೆದಕಿದರೆ ಹತ್ತಿಗೇ ಬಂದು ನಿಲ್ಲುತ್ತದೆ. ನ್ಯೂಯಾರ್ಕಿನ ಹತ್ತಿ ಪೇಟೆ ಯಾವ ದರಕ್ಕೆ ತೆರೆಯಿತು, ಯಾವ ದರಕ್ಕೆ ಮುಚ್ಚಿತು ಎಂಬ ತಂತಿ ಸುದ್ದಿಯ ಮೇಲೆ ಮುಂಬೈ ಮಂದಿ ಪಣ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಿತು, ಪಣ ನಿಲ್ಲಲಿಲ್ಲ. ಕಲ್ಯಾಣಜಿ ಭಗತ್, ರತನ್ ಖತ್ರಿ ಅಂಥವರು ಮಡಕೆಯಿಂದ ಚೀಟಿ ಎತ್ತಿ ಅಂಕಿ ಹೊರಡಿಸಿದರು. ಬೈಲಹೊಂಗಲ, ಸವದತ್ತಿಯ ಎರೆಹೊಲದಲ್ಲಿ ಹತ್ತಿ ಬೆಳೆದವನು ಅದರ ರೊಕ್ಕವನ್ನು ಹತ್ತಿಯ ಹೆಸರಲ್ಲೇ ಹುಟ್ಟಿದ ಆಟಕ್ಕೆ ಸುರಿದದ್ದು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಅವರಿಗೆ ಹೇಳಿದೆ. ಒಬ್ಬ ತಕ್ಷಣ, "ಹಂಗಾರ ನ್ಯೂಯಾರ್ಕಿನ ರೇಟಿನ ಮ್ಯಾಲೆ ಇವತ್ತಿನ ಅಂಕಿ ತಗೀಬಹುದೇನ್ರೀ?" ಅಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ಅವನನ್ನು ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು.

ಆಣೆ ಮಾಡಿಸುವುದರಲ್ಲಿ ನಮ್ಮ ಸೀಮೆ ಹಿಂದೆ ಬಿದ್ದಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ಸರ್ಕಾರದ ವ್ಯಸನಮುಕ್ತ ದಿನ. ಸ್ವಾಮಿಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಜೋಳಿಗೆಗೆ ಹಾಕಿ ಬಂದವನನ್ನು ಮುಂದಿನ ಬುಧವಾರ ವಿಚಾರಿಸುವವರು ಯಾರು? ಮದ್ಯ ಬಿಟ್ಟವರಿಗೆ ಧರ್ಮಸ್ಥಳ ಯೋಜನೆಯ ನವಜೀವನ ಸಮಿತಿಗಳಿವೆ. ಜೂಜಿನವರದೇ ಕೂಟ 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿತು. ಅಲ್ಲೂ ಜನ ನಿಲ್ಲುವುದಿಲ್ಲ: ಸ್ಕಾಟ್ಲೆಂಡಿನ ಇಂಥ ಕೂಟಗಳ ಬಗ್ಗೆ 1988ರಲ್ಲಿ ಬಂದ ಅಧ್ಯಯನದ ಪ್ರಕಾರ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮೊದಲ ಸಭೆಯ ನಂತರ ಮತ್ತೆ ಬರಲೇ ಇಲ್ಲ, ವರ್ಷ ಪೂರ್ತಿ ಆಡದೆ ಉಳಿದವರು ನೂರಕ್ಕೆ ಸುಮಾರು ಎಂಟು.

ಕಾನೂನಿನ ಕತೆ ಗೊತ್ತೇ ಇದೆ. ರಾಜ್ಯದ 2021ರ ತಿದ್ದುಪಡಿಯಲ್ಲಿದ್ದ ಆನ್‌ಲೈನ್ ಆಟಗಳ ಮೇಲಿನ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. ಓಸಿಗೆ ಆ್ಯಪ್ ಬೇಕಿಲ್ಲ. ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಡತಿ ಅಂಗಡಿ ತನಕ ಬರುವವರು ಮಾತ್ರ ಊರಿನವರೇ ಆಗಬೇಕು.

ಹುಡುಗನ ಹತ್ತಿ ಮಾರುವುದು ಇನ್ನೂ ಬಾಕಿಯಿತ್ತು. ಬೈಲಹೊಂಗಲಕ್ಕೆ ಜೊತೆಗೆ ಯಾರು ಹೋಗಬೇಕೆಂದು ಜಗಳವೇ ಬಿತ್ತು. ಇಬ್ಬರಿಗೆ ಅಂದು ಬೇರೆ ಕೆಲಸ. ಮೂರನೆಯವನು, "ಅಷ್ಟು ರೊಕ್ಕ ಕಂಡರ ನನ್ನ ಭರವಸಾ ನನಗಿಲ್ರೀ" ಅಂದುಬಿಟ್ಟ. ಕೊನೆಗೆ ಅವನನ್ನೂ ಕಾಯಲಿಕ್ಕೆ ಕಾಕಾ ಹೊರಡುವುದೆಂದು ಠರಾವಾಯಿತು.