ಗರಡಿಯಲ್ಲಿ ನಡುವಯಸ್ಸಿನವರು

ಕುಸ್ತಿ ಎಂಬುದು ಹುಡುಗರ ವಿದ್ಯೆ, ಹೆಂಡತಿ ಮಕ್ಕಳಾದ ಮೇಲೆ ಲಂಗೋಟಿ ಕಟ್ಟಿ ಗರಡಿಗಿಳಿಯುವವನು ನಗೆಪಾಟಲಿಗೆ ಗುರಿಯಾಗುತ್ತಾನೆ ಎಂಬ ಮಾತು ನಮ್ಮ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಚಿಕ್ಕಪ್ಪನವರು ವಿ.ಸಿ. ಫಾರಂನಲ್ಲಿ ಕೂಲಿ ಮಾಡುವವರು. ವಿಶ್ವೇಶ್ವರಯ್ಯ ನಾಲೆಯಿಂದ ಹೆಸರು ಪಡೆದ ಈ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭತ್ತ, ಕಬ್ಬು, ರಾಗಿಗಳ ತಳಿಗಳನ್ನು ಪರೀಕ್ಷಿಸುತ್ತಾರೆಂಬುದು ಎಲ್ಲರಿಗೂ ತಿಳಿದ ವಿಷಯ. ಚಿಕ್ಕಪ್ಪನವರು ಮೂವತ್ತೇಳನೆಯ ವಯಸ್ಸಿನಲ್ಲಿ ಗರಡಿ ಸೇರಿದರು. ಅಲ್ಲಿ ಅವರ ಜೊತೆಗಾರರೆಲ್ಲ ಹದಿನೆಂಟು ಇಪ್ಪತ್ತರ ಹುಡುಗರು. ಈ ಹುಡುಗರಿಗೆ ಕುಸ್ತಿ ಹೊತ್ತು ಕಳೆಯುವ ಆಟವಲ್ಲ. ಮೈಸೂರಿನ ದಸರಾದಲ್ಲಿ ಜೋಡಿ ಕಟ್ಟಿಸಿಕೊಳ್ಳಬೇಕು, ‘ದಸರಾ ಕುಮಾರ’, ‘ದಸರಾ ಕೇಸರಿ’ ಬಿರುದುಗಳಿಗೆ ಸೆಣಸಬೇಕು, ಮ್ಯಾಟಿನ ಮೇಲೆ ಗೆದ್ದು ಪೊಲೀಸಿನಲ್ಲೋ ರೈಲ್ವೆಯಲ್ಲೋ ಕೆಲಸ ಹಿಡಿಯಬೇಕು. ಅವರ ಹೊಟ್ಟೆಪಾಡೇ ಅದರಲ್ಲಿದೆ. ಇವರ ನಡುವೆ ನಡುವಯಸ್ಸಿನವನಿಗೆ ಏನು ಕೆಲಸ?

ವಯಸ್ಸಿನ ಪ್ರಶ್ನೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವಿದೆ. ವಯಸ್ಸು, ಮೈಕಟ್ಟು, ಬಲ ಇವನ್ನು ನೋಡಿ ಮಲ್ಲರನ್ನು ವರ್ಗ ಮಾಡುವ ಕ್ರಮ ಅಲ್ಲಿದೆ. ಭಾರ ಎತ್ತುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಮೊದಲಾದ ಶ್ರಮಗಳನ್ನೂ ಹೇಳಿದೆ. ಎಲ್ಲರಿಗೂ ಒಂದೇ ಅಳತೆಗೋಲು ಸಲ್ಲದೆಂಬ ತಿಳಿವಳಿಕೆ ನಮ್ಮ ನಾಡಿನಲ್ಲಿ ಅಷ್ಟು ಹಿಂದೆಯೇ ಇತ್ತು.

ಚೀನಾ ದೇಶದ ವುಶು ವಿದ್ಯೆಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಕ್ರೀಡೆಯಾಯಿತು. ಅಲ್ಲಿ ಪದಕಕ್ಕೆ ಸಿದ್ಧರಾಗುವ ಮಕ್ಕಳು ಎಳೆತನದಲ್ಲೇ ಕ್ರೀಡಾಶಾಲೆಗಳಿಗೆ ಸೇರುತ್ತಾರೆ. ಹಿರಿಯರಾದರೋ ಬೆಳಗಿನ ಹೊತ್ತು ಉದ್ಯಾನಗಳಲ್ಲಿ ನಿಧಾನವಾಗಿ ತಾಯ್‌ಚಿ ವರಸೆಗಳನ್ನು ಹಾಕುತ್ತಾರೆ. ಸಾಮಾನ್ಯವಾಗಿ ಇಬ್ಬರ ಜಾಗವೂ ಬೇರೆ ಬೇರೆ. ನಮ್ಮ ಗರಡಿಯಲ್ಲಿ ಹಾಗಲ್ಲ. ಒಂದೇ ತಗ್ಗು ಬಾಗಿಲು, ಒಂದೇ ಮಟ್ಟಿ, ಗೋಡೆಯ ಗೂಡಿನಲ್ಲಿ ಒಬ್ಬನೇ ಆಂಜನೇಯ. ಈ ಒಟ್ಟಿಗಿರುವಿಕೆಯೇ ಗರಡಿಯ ಬಲ. ತೊಡಕು ಹುಟ್ಟುವುದೂ ಇಲ್ಲೇ.

ಹೊಸಬನಿಂದ ಹೊಸಬನಿಗೇ ಅಪಾಯವೆಂದು ನಾವು ತಿಳಿಯುತ್ತೇವೆ. ಉಸ್ತಾದರ ಎಣಿಕೆ ಬೇರೆ. ಬೀಳುವುದನ್ನು ಕಲಿಯದ ದೊಡ್ಡ ಆಳು ದಿಕ್ಕು ತಪ್ಪಿ ಬಿದ್ದನೆಂದರೆ ಅವನ ಭಾರವೆಲ್ಲ ಎದುರಾಳಿ ಹುಡುಗನ ಮಂಡಿಯ ಮೇಲೆ ಬರುತ್ತದೆ. ದಸರಾಕ್ಕೆ ಎರಡು ವಾರವಿರುವಾಗ ಮಂಡಿ ತಿರುಚಿಕೊಂಡ ಹುಡುಗನ ವರ್ಷದ ಶ್ರಮ ನೀರಿನಲ್ಲಿ ಹೋಮವಾಯಿತು. ಅದಕ್ಕಾಗಿ ಚಿಕ್ಕಪ್ಪನವರಿಗೆ ಮೊದಲ ಮೂರು ತಿಂಗಳು ಹಿಡಿಯುವ ಅವಕಾಶವೇ ಇರಲಿಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು, ಮತ್ತೆ ಬೀಳುವುದು, ಇಷ್ಟೇ. ಕಲಿಸುತ್ತಿದ್ದವನು ಅವರಿಗಿಂತ ಹದಿನೈದು ವರ್ಷ ಚಿಕ್ಕವನು. “ಕತ್ತು ಬಗ್ಗುಸ್ಬ್ಯಾಡಿ ಮಾವ, ಉಸ್ರು ಕಟ್ಬ್ಯಾಡಿ, ಬುಡಿ” ಎಂದು ಅವನು ಕೂಗುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಹಳ್ಳಿಯಲ್ಲಿ ಮಾವ, ಮಟ್ಟಿಯಲ್ಲಿ ಶಿಷ್ಯ. ಇದನ್ನು ನುಂಗಿಕೊಳ್ಳುವುದು ದಂಡ ಹೊಡೆಯುವುದಕ್ಕಿಂತ ಕಷ್ಟವೆಂದು ನನ್ನ ಅಭಿಪ್ರಾಯ.

ಕಬ್ಬು ಕಡಿದು, ಮೂಟೆ ಹೊತ್ತ ಮೈಗೆ ಬಲಕ್ಕೆ ಕೊರತೆಯೇ ಎಂದು ಯಾರಾದರೂ ಕೇಳಬಹುದು. ಬಲವೇನೋ ಉಂಟು. ಅವರ ಮುಂಗೈ ಹಿಡಿತದಿಂದ ಬಿಡಿಸಿಕೊಳ್ಳಲು ಪೈಲ್ವಾನರೂ ತಿಣುಕುತ್ತಾರೆ. ಆದರೆ ಹೊಲದ ಕೆಲಸ ಒಂದೇ ದಿಕ್ಕಿನದು: ಬಗ್ಗು, ಎತ್ತು, ನಡೆ. ಕುಸ್ತಿಯಲ್ಲಿ ಮೈ ತಿರುಚಬೇಕು, ಹಠಾತ್ತನೆ ದಿಕ್ಕು ಬದಲಿಸಬೇಕು. ಅಲ್ಲದೆ ಸ್ನಾಯುಗಳು ಬೇಗ ಬಲಿಯುತ್ತವೆ, ಅವನ್ನು ಎಲುಬಿಗೆ ಬಿಗಿದ ಕಂಡರಗಳು ನಿಧಾನವಾಗಿ ಬಲಿಯುತ್ತವೆ. ವಯಸ್ಸಾದಂತೆ ಈ ಅಂತರ ಹೆಚ್ಚು. ಎರಡು ತಿಂಗಳಿಗೆ ‘ಮೈ ಬಂತು’ ಎಂದು ಹಿಗ್ಗಿ ಭಾರ ಏರಿಸುವವನ ಭುಜವೋ ಮೊಣಕೈಯೋ ಕೆಡುವುದು ಇದರಿಂದಲೇ. ಹುಡುಗನು ಇಂದು ದಣಿದರೆ ನಾಳೆ ಬೆಳಿಗ್ಗೆ ಸಿದ್ಧ. ನಲವತ್ತರ ಹತ್ತಿರದವನಿಗೆ ನಡುವೆ ಒಂದು ದಿನದ ಬಿಡುವು ಬೇಕು. ಚಿಕ್ಕಪ್ಪನವರು ವಾರಕ್ಕೆ ಮೂರೇ ದಿನ ಹೋಗುತ್ತಾರೆ. ಕಬ್ಬಿನ ಕಟಾವಿನ ಕಾಲದಲ್ಲಿ ಅದನ್ನೂ ಒಂದಕ್ಕೆ ಇಳಿಸುತ್ತಾರೆ. ದಿನಗೂಲಿಯವನ ಭುಜ ಜಾರಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವಲ್ಲ!

ಆಹಾರದ ವಿಷಯದಲ್ಲಿ ಪೈಲ್ವಾನರನ್ನು ಅನುಸರಿಸುವುದು ಶುದ್ಧ ಅವಿವೇಕ. ಬಾದಾಮಿ, ತುಪ್ಪ, ಸೇರುಗಟ್ಟಲೆ ಹಾಲು ದಿನವಿಡೀ ಸಾಮು ಮಾಡುವವನಿಗೆ ಅರಗುತ್ತದೆ. ವಾರಕ್ಕೆ ಮೂರು ದಿನದವನಿಗೆ ಅದು ಹೊಟ್ಟೆಯಾಗಿ ಬೆಳೆಯುತ್ತದೆ. ರಾಗಿಮುದ್ದೆ, ಕಾಳಿನ ಸಾರು, ಒಂದು ಲೋಟ ಹಾಲು ಸಾಕು.

ಇಷ್ಟಕ್ಕೂ ಗರಡಿಗೆ ಇವನಿಂದ ಏನು ಲಾಭ? ಮುಖ್ಯ ಲಾಭ, ಹಿಡಿತಕ್ಕೆ ಒಂದು ಮೈ. ತನ್ನ ಸಮನೊಡನೆ ದಿನವೂ ಪೂರ್ಣ ಬಲದಿಂದ ಹೋರಾಡಿದರೆ ಪೈಲ್ವಾನನು ಗಾಯಗೊಳ್ಳುತ್ತಾನೆ. ಪಟ್ಟೊಂದನ್ನು ಐವತ್ತು ಸಲ ನಿಧಾನವಾಗಿ ತಿದ್ದಿಕೊಳ್ಳಲು ಅವನಿಗೆ ಸಾವಧಾನದಿಂದ ನಿಲ್ಲುವ, ಭಾರವುಳ್ಳ, ಗೆಲ್ಲುವ ಆತುರವಿಲ್ಲದ ಆಳು ಬೇಕು. ಚಿಕ್ಕಪ್ಪನವರು ಅಂಥ ಆಳು. ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವುದು ಅವರಿಗೆ ಬೆಳಗಿನ ಕೆಲಸದ ಒಂದು ಭಾಗ. ಹಾಗೆ ಬೀಳುತ್ತ ಬೀಳುತ್ತಲೇ ಅವರೂ ಆ ಪಟ್ಟನ್ನು ಕಲಿತುಬಿಟ್ಟಿದ್ದಾರೆ.

ಪಂದ್ಯವಾಡುವ ಆಸೆಯಿದ್ದವರಿಗೂ ಇಂದು ದಾರಿ ಮುಚ್ಚಿಲ್ಲ. 35 ವರ್ಷ ದಾಟಿದವರಿಗಾಗಿ ವಯಸ್ಸಿನ ವರ್ಗಗಳಿರುವ ಜಾಗತಿಕ ಪಂದ್ಯಾವಳಿಯೇ ನಡೆಯುತ್ತದೆ. ಚಿಕ್ಕಪ್ಪನವರಿಗೆ ಇದನ್ನು ಹೇಳಿದಾಗ ಅವರು, “ಅದು ನಿಮ್ಮಂಥ ಓದಿದೋರ್ಗೆ ಕಣಪ್ಪ” ಎಂದು ನಕ್ಕುಬಿಟ್ಟರು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಒಂದು ದಂಡವನ್ನೂ ನೆಟ್ಟಗೆ ಹೊಡೆಯಲಾರೆ.

ಮಟ್ಟಿಯ ಮಣ್ಣನ್ನು ಅಗೆದು ಹದ ಮಾಡುವ ಕೆಲಸವೂ ಈಗ ಅವರದೇ. ಕೆಮ್ಮಣ್ಣನ್ನು ಜರಡಿಯಾಡಿ, ಎಣ್ಣೆ, ಅರಿಶಿನ, ನಿಂಬೆರಸ, ಮಜ್ಜಿಗೆ ಬೆರೆಸುತ್ತಾರೆ. ಮಣ್ಣು ಗಟ್ಟಿಯಾದರೆ ಬೆನ್ನಿಗೆ ಪೆಟ್ಟು, ಸಡಿಲವಾದರೆ ಕಾಲು ಹೂತು ಮಂಡಿಗೆ ಪೆಟ್ಟು. ಗದ್ದೆಯ ಹದ ಬಲ್ಲವರಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಬೆಳಗಿನ ತಾಲೀಮು ಮುಗಿದ ಮೇಲೆ ಹುಡುಗರು ಮೈಯ ಮಣ್ಣು ಒಣಗಿಸಿಕೊಳ್ಳುತ್ತ ಗೋಡೆಗೊರಗಿ ಕೂತಿರುವಾಗ ಇವರು ಹಾರೆ ಹಿಡಿದು ಒಂದು ಮೂಲೆಯಿಂದ ಅಗೆಯುತ್ತ ಬರುತ್ತಾರೆ. ಅದು ಮುಗಿಯುವ ಹೊತ್ತಿಗೆ ಫಾರಂನ ಕೆಲಸಕ್ಕೆ ವೇಳೆಯಾಗಿರುತ್ತದೆ.