ದಿವಂಗತ ಹಾಸ್ಯನಟನ ಮುದ್ರಿಕೆಗಳೂ ಅಭಿಮಾನಿಗಳ ಅಭಿಪ್ರಾಯಗಳೂ: ಒಂದು ಆಕರ ವಿಚಾರ

೧. ವಿಷಯ ಪ್ರವೇಶ

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಶಾಸನ, ತಾಮ್ರಪಟ, ಬಖರು, ಕೈಫಿಯತ್ತು, ದಫ್ತರಗಳು ಬರುವುದು ಸಹಜ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಒಡಲಲ್ಲಿಟ್ಟುಕೊಂಡ ಬಾಗಲಕೋಟೆ ಜಿಲ್ಲೆಯಲ್ಲಿ ಅದು ಇನ್ನಷ್ಟು ಸಹಜ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಜನಜೀವನವನ್ನು ಬರೆಯಹೊರಟವನಿಗೆ ಇವು ಸಾಲವು. ಜನರು ಏತಕ್ಕೆ ನಕ್ಕರು, ಯಾರನ್ನು ಕುರಿತು ನಕ್ಕರು, ಯಾವ ಮಾತಿಗೆ ನಗಲು ನಾಚಿದರು ಎಂಬುದನ್ನು ಯಾವ ದಫ್ತರವೂ ಹೇಳುವುದಿಲ್ಲ. ಅದನ್ನು ಹೇಳಬಲ್ಲ ಆಕರಗಳು ಇಂದು ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿಗಳಂಥ ಊರುಗಳ ಮನೆಗಳಲ್ಲಿ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ, ಧೂಳು ತಿನ್ನುತ್ತ ಬಿದ್ದಿವೆ. ಅವು ಹಾಸ್ಯನಟರ ಧ್ವನಿಸುರುಳಿಗಳು ಮತ್ತು ದೃಶ್ಯಮುದ್ರಿಕೆಗಳು.

ವಿಜಯಪುರ ಜಿಲ್ಲೆಯ ತಾಳಿಕೋಟೆಯ ಹೆಸರು ೧೫೬೫ರ ಯುದ್ಧದಿಂದ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಅದೇ ಊರಿನ ಹೆಸರನ್ನು ನಮ್ಮ ಕಾಲದಲ್ಲಿ ನಗೆಯ ಮೂಲಕ ಮನೆಮನೆಗೆ ಮುಟ್ಟಿಸಿದವರು ರಾಜು ತಾಳಿಕೋಟೆಯವರು. ಖಾಸ್ಗತೇಶ್ವರ ನಾಟ್ಯ ಸಂಘದ ವೃತ್ತಿರಂಗಭೂಮಿಯಲ್ಲಿ ಬೆಳೆದ ಇವರು 'ಕಲಿಯುಗದ ಕುಡುಕ' ನಾಟಕದಿಂದಲೂ ಅದರ ಧ್ವನಿಸುರುಳಿಯಿಂದಲೂ ಉತ್ತರ ಕರ್ನಾಟಕದಲ್ಲಿ ಪ್ರಸಿದ್ಧರಾದರು. ೨೦೦೯ರ 'ಮನಸಾರೆ', ೨೦೧೦ರ 'ಪಂಚರಂಗಿ' ಮೊದಲಾದ ಚಲನಚಿತ್ರಗಳು ಇವರನ್ನು ದಕ್ಷಿಣದ ಪ್ರೇಕ್ಷಕರಿಗೂ ಪರಿಚಯಿಸಿದವು. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದಾಗಲೇ, ೨೦೨೫ರ ಅಕ್ಟೋಬರ್ ೧೩ರಂದು, ಚಿತ್ರೀಕರಣಕ್ಕೆಂದು ಉಡುಪಿ ಜಿಲ್ಲೆಗೆ ಹೋದವರು ಅಲ್ಲಿಯೇ ನಿಧನರಾದರು.

ಇಂಥ ಕಲಾವಿದರ ಮುದ್ರಿಕೆಗಳನ್ನು ಕಾಪಾಡಿಕೊಂಡು ಬಂದ ಅಭಿಮಾನಿಗಳ ಅಭಿಪ್ರಾಯಗಳಿಗೆ ಇತಿಹಾಸದ ದೃಷ್ಟಿಯಿಂದ ಬೆಲೆಯುಂಟೆ? ಉಂಟಾದರೆ ಅವುಗಳನ್ನು ಹೇಗೆ ಓದಬೇಕು? ಈ ಎರಡು ಪ್ರಶ್ನೆಗಳನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಮುದ್ರಿಕೆಯ ಸ್ವರೂಪ

ಮೊದಲು ಮುದ್ರಿಕೆಯೆಂಬ ವಸ್ತುವನ್ನೇ ಪರಿಶೀಲಿಸೋಣ. ಗ್ರಾಮಫೋನ್ ಕಾಲದಲ್ಲಿ ನಿಮಿಷಕ್ಕೆ ೭೮ ಸುತ್ತು ತಿರುಗುವ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷಗಳ ಧ್ವನಿ ಮಾತ್ರ ಹಿಡಿಯುತ್ತಿತ್ತು. ಆದಕಾರಣ ಕಂಪನಿ ನಾಟಕಗಳ ರಂಗಗೀತೆಗಳು ತಟ್ಟೆಗೆ ಒಗ್ಗಿದಷ್ಟು ಹಾಸ್ಯಪ್ರಸಂಗಗಳು ಒಗ್ಗಲಿಲ್ಲ. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ಟು ಈ ಮಿತಿಯನ್ನು ಮುರಿಯಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದೊಂದು ಮಗ್ಗುಲಿಗೆ ಮೂವತ್ತು ನಿಮಿಷ, ತೊಂಬತ್ತು ನಿಮಿಷದ್ದಕ್ಕೆ ನಲವತ್ತೈದು. ಒಬ್ಬ ಹಾಸ್ಯನಟನು ಪೀಠಿಕೆ ಹಾಕಿ, ಮಾತು ಬೆಳೆಸಿ, ನಗೆಯನ್ನು ಮೇಲಕ್ಕೇರಿಸಿ ಇಳಿಸಲು ಇಷ್ಟು ಅವಕಾಶ ಸಾಕು. ಬೆಲೆಯೂ ಕಡಮೆ, ನಕಲು ಮಾಡುವುದೂ ಸುಲಭ. ಉತ್ತರ ಭಾರತದ ಜನಪ್ರಿಯ ಸಂಗೀತವನ್ನು ಕುರಿತು ಪೀಟರ್ ಮ್ಯಾನುಯೆಲ್ ೧೯೯೩ರಲ್ಲಿ ಪ್ರಕಟಿಸಿದ ಗ್ರಂಥವು, ಕ್ಯಾಸೆಟ್ಟು ಬಂದಮೇಲೆ ದೊಡ್ಡ ಸಂಸ್ಥೆಗಳ ಏಕಸ್ವಾಮ್ಯ ಮುರಿದು ಪ್ರಾದೇಶಿಕ ಭಾಷೆ, ಉಪಭಾಷೆಗಳ ಕಲೆಗೆ ಮಾರುಕಟ್ಟೆ ತೆರೆಯಿತೆಂದು ತೋರಿಸಿದೆ. ಕನ್ನಡದ ಹಾಸ್ಯಕ್ಕೂ ಈ ಮಾತು ಸಲ್ಲುತ್ತದೆ. ೨೦೦೦ದಲ್ಲಿ ತೀರಿಕೊಂಡ ಧೀರೇಂದ್ರ ಗೋಪಾಲರ ರಾಜಕೀಯ ವಿಡಂಬನೆಯೂ ಜನರನ್ನು ಮುಟ್ಟಿದ್ದು ಧ್ವನಿಸುರುಳಿಗಳ ಮೂಲಕವೇ.

ಅನಂತರ ವಿಡಿಯೋ ಕ್ಯಾಸೆಟ್ಟು ಬಂದಿತು. ೧೯೯೩ರಲ್ಲಿ ಸ್ವರೂಪ ನಿಶ್ಚಿತವಾದ ವಿ.ಸಿ.ಡಿ. ಬಂದಿತು. ವಿ.ಸಿ.ಡಿ. ತಟ್ಟೆಯೊಂದರಲ್ಲಿ ಸುಮಾರು ೭೪ ನಿಮಿಷಗಳ ದೃಶ್ಯ ಹಿಡಿಯುತ್ತದೆ. ಕಂಪನಿ ನಾಟಕವಾದರೋ ರಾತ್ರಿ ಪರದೆಯೆತ್ತಿದರೆ ಮೂರು ತಾಸಿಗೆ ಕಡಮೆಯಿಲ್ಲದೆ ನಡೆಯುವಂಥದು. ಆದ್ದರಿಂದ ನಾಟಕವನ್ನು ಮೂರು ತಟ್ಟೆಗಳಿಗಾದರೂ ಹರಿದು ಹಂಚಬೇಕು, ಇಲ್ಲವೆ ಕಥಾಭಾಗವನ್ನು ಕತ್ತರಿಸಿ ಹಾಸ್ಯವನ್ನಷ್ಟೇ ಉಳಿಸಬೇಕು. ಎರಡನೆಯ ಮಾರ್ಗ ಹಿಡಿದಾಗ, ಕಥೆಯ ನಡುವೆ ವಿರಾಮದಂತೆ ಬರುತ್ತಿದ್ದ ಹಾಸ್ಯವೇ ಸ್ವತಂತ್ರ ಕಲಾಪ್ರಕಾರವಾಗಿ ನಿಂತಿತು. ಇಂದು ಒಬ್ಬನೇ ನಿಂತು ನಗಿಸುವ ಹಾಸ್ಯಕ್ಕೆ ಕನ್ನಡನಾಡಿನಲ್ಲಿರುವ ಬೇರುಗಳಲ್ಲಿ ಇದೂ ಒಂದೆಂದು ನಮಗೆ ತೋರುತ್ತದೆ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಭಾಗದ ರಂಗಕಲೆಯಲ್ಲಿ ಹಾಸ್ಯವು ಬರೆದಿಟ್ಟ ಮಾತಲ್ಲ. ಜಮಖಂಡಿ ಮುಧೋಳ ಸೀಮೆಯಲ್ಲಿ ತಲೆಮಾರುಗಳಿಂದ ಆಡುತ್ತ ಬಂದ ಶ್ರೀಕೃಷ್ಣ ಪಾರಿಜಾತದಲ್ಲಿ ಪದ್ಯಗಳು ನಿಶ್ಚಿತವಾದವು. ಭಾಗವತನೂ ಗೊಲ್ಲತಿಯೂ ಆಡುವ ಮಾತುಗಳು ಮಾತ್ರ ಆ ಊರಿಗೆ, ಆ ರಾತ್ರಿಗೆ ತಕ್ಕಂತೆ ಹುಟ್ಟುವಂಥವು. ಕಂಪನಿಯ ಹಾಸ್ಯನಟನೂ ಇದೇ ಪದ್ಧತಿಯವನು. ಪ್ರತಿ ವರ್ಷ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ನಾಟಕ ಕಂಪನಿಗಳು ಒಂದರ ಪಕ್ಕದಲ್ಲೊಂದು ಬಿಡಾರ ಹೂಡಿ ವಾರಗಟ್ಟಲೆ ಆಡುತ್ತವೆ. ಅಲ್ಲಿ ನಿನ್ನೆಯ ಮಾತನ್ನೇ ಇಂದೂ ಆಡಿದರೆ ಪ್ರೇಕ್ಷಕನು ಪಕ್ಕದ ಥಿಯೇಟರಿಗೆ ನಡೆಯುತ್ತಾನೆ. ದಕ್ಷಿಣದಲ್ಲಿ ಮಾಸ್ಟರ್ ಹಿರಣ್ಣಯ್ಯನವರು (೧೯೩೪–೨೦೧೯) 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರೂ ಅದರ ಮಾತು ಅಂದಂದಿನ ಸುದ್ದಿಗೆ ತಕ್ಕಂತೆ ಬದಲಾಗುತ್ತಲೇ ಇತ್ತು. ಅಂತೆಯೇ ಅವರ ನಾಟಕದ ಯಾವ ಮುದ್ರಿಕೆಯನ್ನು ತೆಗೆದುಕೊಂಡರೂ ಅದು ಆ ಸಾವಿರಾರು ರಾತ್ರಿಗಳಲ್ಲಿ ಒಂದರ ಸಾಕ್ಷಿ ಮಾತ್ರ.

ಮುದ್ರಿಕೆಯು ಒಂದು ರಾತ್ರಿಯನ್ನು ಹಿಡಿದಿಡುತ್ತದೆ. ಉಳಿದ ರಾತ್ರಿಗಳು ಪ್ರೇಕ್ಷಕರ ನೆನಪಿನಲ್ಲಿರುತ್ತವೆ. ಅಭಿಮಾನಿಗಳ ಅಭಿಪ್ರಾಯವು ಆಕರವಾಗುವುದು ಈ ಕಾರಣದಿಂದ.

೩. ಅಭಿಪ್ರಾಯಗಳ ಬಗೆಗಳು

ನಮ್ಮ ಸೀಮೆಯಲ್ಲಿ ಇಂಥ ಮುದ್ರಿಕೆಗಳನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹೋಲಿಕೆಯ ಅಭಿಪ್ರಾಯ. ಥಿಯೇಟರಿನಲ್ಲಿ ಎದುರು ಕುಳಿತು ನೋಡಿದ್ದೇ ಬೇರೆ, ಕ್ಯಾಸೆಟ್ಟಿನಲ್ಲಿ ಬಂದದ್ದೇ ಬೇರೆ ಎನ್ನುವವರು ಇವರು. ಈ ಮಾತನ್ನು ಹಳಬರ ಹಂಬಲವೆಂದು ತಳ್ಳಿಹಾಕಬಾರದು. ಮುಂದಿನ ಸಾಲಿನಲ್ಲಿ ಕುಳಿತ ಊರ ಗೌಡರನ್ನು ನಟನು ಹೇಗೆ ಕೆಣಕಿದನು, ಆ ವರ್ಷದ ಚುನಾವಣೆಯನ್ನೋ ಬರವನ್ನೋ ಮಾತಿನಲ್ಲಿ ಹೇಗೆ ತಂದನು ಎಂಬುದು ಇವರ ನೆನಪಿನಲ್ಲಿ ಸಿಗುತ್ತದೆ. ಮುದ್ರಿಕೆಗಾಗಿ ಆಡುವಾಗ ಎಲ್ಲ ಊರಿಗೂ ಒಪ್ಪುವ ಮಾತುಗಳನ್ನೇ ಆರಿಸಬೇಕಾದ್ದರಿಂದ ಊರಿಗೆ ವಿಶಿಷ್ಟವಾದ ಮಾತುಗಳೇ ಮೊದಲು ಬಿಟ್ಟುಹೋಗುತ್ತವೆ.

ಎರಡನೆಯದು ಕಿವಿ ಮತ್ತು ಕಣ್ಣುಗಳ ವಿವಾದ. ಧ್ವನಿಸುರುಳಿಯೇ ಮೇಲು, ದೃಶ್ಯಮುದ್ರಿಕೆಯಲ್ಲಿ ಆ ಸ್ವಾರಸ್ಯವಿಲ್ಲವೆಂಬ ಅಭಿಪ್ರಾಯ ಆಶ್ಚರ್ಯಕರವಾದರೂ ಅಪರೂಪದ್ದಲ್ಲ. ಧ್ವನಿಯಲ್ಲಿ ಕುಡುಕನ ತೊದಲು, ತಡೆದು ತಡೆದು ಬರುವ ತರ್ಕ, ಮಧ್ಯೆ ಬಿಡುವ ಮೌನ ಇವಿಷ್ಟೇ ಇದ್ದು, ಉಳಿದುದನ್ನು ಕೇಳುಗನೇ ಕಟ್ಟಿಕೊಳ್ಳುತ್ತಾನೆ. ಆ ಕುಡುಕನು ತನ್ನ ಓಣಿಯವನೇ ಆಗಿಬಿಡುತ್ತಾನೆ. ಇದಕ್ಕೆ ಸಂದರ್ಭದ ಕಾರಣವೂ ಇದೆ. ಕ್ಯಾಸೆಟ್ಟನ್ನು ಚಹಾದ ಅಂಗಡಿಯಲ್ಲಿ, ಟ್ರ್ಯಾಕ್ಟರಿನ ಮೇಲೆ, ಜಾತ್ರೆಯ ಧ್ವನಿವರ್ಧಕದಲ್ಲಿ ಹತ್ತಾರು ಜನ ಒಟ್ಟಿಗೆ ಕೇಳುತ್ತಿದ್ದರು. ತಟ್ಟೆಯನ್ನು ಮನೆಯೊಳಗೆ ಕುಳಿತು ನೋಡಿದರು. ನಗೆಯು ಒಬ್ಬರಿಂದೊಬ್ಬರಿಗೆ ಹತ್ತುವಂಥದು. ಜೊತೆ ಕಡಮೆಯಾದಂತೆ ನಗೆಯೂ ಕಡಮೆಯಾಗುತ್ತದೆ.

ಮೂರನೆಯದು ಭಾಷೆಯನ್ನು ಕುರಿತ ಅಭಿಮಾನ. ಧಾರವಾಡದ ಆಕಾಶವಾಣಿ ೧೯೫೦ರಿಂದ ಈ ಭಾಗದ ಕನ್ನಡಕ್ಕೆ ದನಿಗೊಟ್ಟಿತೆಂಬುದು ನಿಜ. ಆದರೂ ಚಲನಚಿತ್ರಗಳಲ್ಲಿ ವಿಜಯಪುರ ಬಾಗಲಕೋಟೆಗಳ ಮಾತು ಬಹುಕಾಲ ಹಳ್ಳಿಗನ ಗುರುತಾಗಿ, ನಗೆಗೀಡಾದವನ ಮಾತಾಗಿ ಮಾತ್ರ ಬರುತ್ತಿತ್ತು. ತಾಳಿಕೋಟೆಯವರ ಧ್ವನಿಸುರುಳಿಯಲ್ಲಿ ನಗಿಸುವವನ ಮಾತೂ ಅದೇ, ನಗುವವನ ಮಾತೂ ಅದೇ. ನಮ್ಮ ಮಾತು ನಮಗೇ ಚೆಂದ ಕೇಳಿತೆಂಬ ಅಭಿಪ್ರಾಯದ ಹಿಂದೆ ೧೯೫೬ರ ಏಕೀಕರಣದ ಅನಂತರವೂ ಉಳಿದ ಒಂದು ಕೊರತೆಯ ಇತಿಹಾಸವಿದೆ.

ನಾಲ್ಕನೆಯದು ಆಕ್ಷೇಪ. ದ್ವಂದ್ವಾರ್ಥದ ಸಂಭಾಷಣೆಗಳಿಂದ ವೃತ್ತಿರಂಗಭೂಮಿ ಕೆಟ್ಟಿತೆಂಬ ದೂರು ಹಳೆಯದು. ಅಭಿಮಾನಿಗಳೇ ಈ ವಿಷಯದಲ್ಲಿ ಒಡೆದು ನಿಲ್ಲುತ್ತಾರೆ. ಕೆಲವು ಕ್ಯಾಸೆಟ್ಟುಗಳನ್ನು ಮನೆಯಲ್ಲಿ ಹಿರಿಯರ ಎದುರು ಹಚ್ಚಲಾಗದೆಂದು ಒಪ್ಪಿಕೊಂಡವರೇ ಅವುಗಳನ್ನು ಬಿಸಾಡದೆ ಇಟ್ಟುಕೊಂಡಿರುವುದುಂಟು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಮಗ್ಗವನ್ನೇ ನಂಬಿದ ಬನಹಟ್ಟಿಯಂಥ ಊರಿನಲ್ಲಿ, ವಾರದ ಕೂಲಿ ಮನೆ ಮುಟ್ಟುವುದೋ ಸೆರೆಯಂಗಡಿ ಮುಟ್ಟುವುದೋ ಎಂಬುದು ಹೆಣ್ಣುಮಕ್ಕಳ ಪಾಲಿಗೆ ನಗೆಯ ಮಾತಲ್ಲ. ರಂಗದ ಕುಡುಕನನ್ನು ಕಂಡು ನಕ್ಕ ಗಂಡಸು ತನ್ನನ್ನು ಕಂಡು ನಾಚಿದನೋ, ಇಲ್ಲವೆ ತನ್ನ ಚಟಕ್ಕೆ ಅದೊಂದು ಮಾಫಿಯೆಂದು ತಿಳಿದನೋ? ಈ ಪ್ರಶ್ನೆಗೆ ಮುದ್ರಿಕೆಯಲ್ಲಿ ಉತ್ತರವಿಲ್ಲ. ಅದೇ ಮನೆಯ ಹೆಂಗಸು ಆ ನಾಟಕಕ್ಕೆ ಎಲ್ಲಿ ನಕ್ಕಳು, ಎಲ್ಲಿ ನಗಲಿಲ್ಲ ಎಂಬುದನ್ನು ಕೇಳಿದರೆ ಉತ್ತರದ ಒಂದು ಪಾಲಾದರೂ ದೊರೆಯುವುದು.

೪. ಅಭಿಪ್ರಾಯಗಳ ಪರೀಕ್ಷೆ

ಆಕರವೆಂದ ಮೇಲೆ ಪರೀಕ್ಷೆ ಅಗತ್ಯ. ಅಭಿಮಾನಿಯ ಮಾತಿಗೆ ಮೂರು ದೋಷಗಳು ಸಂಭವಿಸುತ್ತವೆ.

ಒಂದು, ಮರಣಾನಂತರದ ಔದಾರ್ಯ. ಕಲಾವಿದ ತೀರಿಕೊಂಡ ಮೇಲೆ ಹೊಗಳಿಕೆಯು ಧರ್ಮವಾಗುತ್ತದೆ. ಬದುಕಿದ್ದಾಗ ಆಡುತ್ತಿದ್ದ ಟೀಕೆಯನ್ನು ಜನರು ನುಂಗುತ್ತಾರೆ. ಆದಕಾರಣ ಅಭಿಪ್ರಾಯವನ್ನು ಯಾವಾಗ ಕೇಳಲಾಯಿತೆಂಬ ದಿನಾಂಕವು ಶಾಸನದ ಶಕವರ್ಷದಷ್ಟೇ ಮುಖ್ಯ. ಎರಡು, ಪಾತ್ರದ ಮಿಶ್ರಣ. ಚಲನಚಿತ್ರದಲ್ಲಿ ನೋಡಿದ್ದನ್ನು ನಾಟಕದಲ್ಲಿ ಕಂಡೆನೆಂದೂ, ಒಬ್ಬ ನಟನ ಚಟಾಕಿಯನ್ನು ಇನ್ನೊಬ್ಬನದೆಂದೂ ನೆನಪು ಬೆರೆಸುವುದುಂಟು. ಮುದ್ರಿಕೆಯು ಇಲ್ಲಿ ಒರೆಗಲ್ಲಾಗುತ್ತದೆ. ಮೂರು, ತುಣುಕಿನ ಭ್ರಮೆ. ಇಂದಿನ ಯುವಕರು ಹಳೆಯ ಮುದ್ರಿಕೆಗಳನ್ನು ಮೊಬೈಲಿನಲ್ಲಿ ಎರಡು ಮೂರು ನಿಮಿಷದ ತುಣುಕುಗಳಾಗಿ ನೋಡುತ್ತಾರೆ. ಹಿಂದೆ ಮುಂದೆ ಇಲ್ಲದ ಆ ತುಣುಕಿನಿಂದ ನಾಟಕವು ಕುಡಿತವನ್ನು ಹೊಗಳಿತೆಂದೋ ಹಳಿಯಿತೆಂದೋ ತೀರ್ಮಾನಿಸುವುದು, ಒಡೆದ ಶಾಸನದ ನಡುವಿನ ಒಂದು ಸಾಲನ್ನು ಓದಿ ದತ್ತಿಯ ವಿವರ ಹೇಳಿದಂತಾಗುತ್ತದೆ.

ಈ ದೋಷಗಳಿಂದ ಅಭಿಪ್ರಾಯವು ವ್ಯರ್ಥವಾಗುವುದಿಲ್ಲ. ಬಖರುಗಳಲ್ಲಿ ಉತ್ಪ್ರೇಕ್ಷೆಯಿದ್ದರೂ ನಾವು ಅವುಗಳನ್ನು ಬಿಟ್ಟಿಲ್ಲ; ಬರೆದವನ ಪಕ್ಷವನ್ನು ತಿಳಿದು ಓದುತ್ತೇವೆ. ಹಾಗೆಯೇ ಅಭಿಮಾನಿಯ ವಯಸ್ಸು, ಉದ್ಯೋಗ, ಅವನು ನೋಡಿದ ಊರು ಮತ್ತು ವರ್ಷ, ಕೈಯಲ್ಲಿರುವ ಮುದ್ರಿಕೆ ಇವನ್ನು ತಿಳಿದು ಓದಿದರೆ ಅವನ ಉತ್ಪ್ರೇಕ್ಷೆಯೂ ನಮಗೆ ಪಾಠ ಹೇಳುತ್ತದೆ.

೫. ಕಾರ್ಯಸೂಚನೆ

ಈ ಕಾರ್ಯಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಕ್ಯಾಸೆಟ್ಟಿನ ಪಟ್ಟಿಗೆ ಕಾಂತೀಯ ಪುಡಿಯನ್ನು ಅಂಟಿಸಿರುವ ಲೇಪವು ತೇವದಿಂದ ಕ್ಷೀಣಿಸುತ್ತದೆ. ಪಟ್ಟಿ ಅಂಟಂಟಾಗಿ, ಲೇಪ ಉದುರಿ, ಧ್ವನಿ ಮಸುಕಾಗುತ್ತದೆ. ವಿ.ಸಿ.ಡಿ. ತಟ್ಟೆಗಳು ಗೀರಿನಿಂದಲೂ, ಪ್ರತಿಫಲಿಸುವ ಪದರ ಕೆಡುವುದರಿಂದಲೂ ನಿರುಪಯುಕ್ತವಾಗುತ್ತವೆ. ನುಡಿಸುವ ಯಂತ್ರಗಳೇ ಮರೆಯಾಗುತ್ತಿವೆ. ವಿಡಿಯೋ ಕ್ಯಾಸೆಟ್ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯೆನ್ನಲಾದ ಜಪಾನಿನ ಫುನಾಯ್ ೨೦೧೬ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಇವೆಲ್ಲಕ್ಕಿಂತ ಮಿಗಿಲಾಗಿ, ನಾಟಕವನ್ನು ಥಿಯೇಟರಿನಲ್ಲಿ ನೋಡಿದ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಕೆಲವು ಕ್ರಮಗಳನ್ನು ಸೂಚಿಸುತ್ತೇವೆ. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆ, ನೆರೆಮನೆಗಳಲ್ಲಿರುವ ಮುದ್ರಿಕೆಗಳ ಪಟ್ಟಿಯನ್ನು ಮೊದಲು ಮಾಡಲಿ: ಹೆಸರು, ಹೊದಿಕೆಯ ಮೇಲಿನ ವಿವರ, ಕೊಂಡ ಊರು, ಅಸಲೋ ನಕಲೋ ಎಂಬುದು. ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮುನ್ನ ಅದರ ಅಂಚಿನಲ್ಲಿರುವ ಎರಡು ಸಣ್ಣ ಚಕ್ಕೆಗಳನ್ನು ಮುರಿದರೆ ಕೈತಪ್ಪಿ ಬೇರೆ ಧ್ವನಿ ಅಚ್ಚಾಗುವ ಭಯವಿರುವುದಿಲ್ಲ. ಪ್ರತಿ ತೆಗೆಯುವಾಗ ಸಂಕುಚಿತಗೊಳಿಸದ ಕಡತವಾಗಿ ತೆಗೆಯಬೇಕು. ನಡುವೆ ಅಳಿಸಿ ಮದುವೆಯ ಮಂಗಲಾಷ್ಟಕವನ್ನೋ ಮಗುವಿನ ತೊದಲುಮಾತನ್ನೋ ತುಂಬಿಸಿದ್ದರೆ ಅದನ್ನೂ ಹಾಗೆಯೇ ಉಳಿಸಬೇಕು. ಆ ಮನೆಯ ಪಾಲಿಗೆ ಯಾವುದು ಹೆಚ್ಚಿನದಾಯಿತೆಂಬುದಕ್ಕೆ ಅದೇ ಸಾಕ್ಷಿ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಅನಂತರ ೬೦ ವರ್ಷಗಳವರೆಗೆ ಇರುವುದರಿಂದ ಈ ಪ್ರತಿಗಳು ಅಧ್ಯಯನಕ್ಕೆ ಮೀಸಲಾಗಿರಬೇಕು, ಮಾರಾಟಕ್ಕಲ್ಲ.

ಪಟ್ಟಿಯಾದ ಬಳಿಕ ಮುದ್ರಿಕೆಯ ಒಡೆಯರನ್ನು ಕೂರಿಸಿಕೊಂಡು, ಅದನ್ನು ನುಡಿಸುತ್ತ, ಅವರು ಎಲ್ಲಿ ನಗುತ್ತಾರೆ, ಎಲ್ಲಿ ತಡೆದು ಥಿಯೇಟರಿನಲ್ಲಿ ಹೀಗಿರಲಿಲ್ಲವೆನ್ನುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು. ಮನೆಯ ಗಂಡಸರನ್ನೂ ಹೆಂಗಸರನ್ನೂ ಬೇರೆಬೇರೆಯಾಗಿ ಕೇಳುವುದು ಒಳ್ಳೆಯದು. ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಪ್ರಕಟಿಸಕೂಡದು.

ಶಿಲೆಯ ಮೇಲಿನ ಅಕ್ಷರ ಸಾವಿರ ವರ್ಷ ಕಾದೀತು. ಕ್ಯಾಸೆಟ್ಟಿನ ಪಟ್ಟಿ ಅಷ್ಟು ಕಾಯದು, ಮನುಷ್ಯನ ನೆನಪು ಅದಕ್ಕಿಂತಲೂ ಕಡಮೆ. ಈ ವರ್ಷದ ರಜೆಯಲ್ಲಿಯೇ ನಮ್ಮ ವಿದ್ಯಾರ್ಥಿಗಳು ತಮ್ಮ ಓಣಿಯಿಂದ ಈ ಕಾರ್ಯವನ್ನು ಆರಂಭಿಸಬೇಕೆಂಬುದು ನಮ್ಮ ವಿನಂತಿ.